ಬೆಚ್ಚಗಿದ್ದ ಕಲ್ಲು

ರಾತ್ರಿ ಹನ್ನೊಂದೂವರೆಗೆ ದಿಂಬಿನ ಪಕ್ಕದಲ್ಲಿದ್ದ ಫೋನು ‘ಟಿಣ್’ ಎಂದಿತು. ಲೋಟಕ್ಕೆ ಚಮಚ ತಾಗಿದಷ್ಟು ಸಣ್ಣ ಸದ್ದು. ಹೆಂಡತಿಗೆ ಎಚ್ಚರವಾಗಲಿಲ್ಲ, ಕಾರ್ಯದರ್ಶಿ ಮಾತ್ರ ಎದ್ದು ಕೂತ. ಹಗಲೆಲ್ಲ ಕನ್ನಡಕದಂಗಡಿ ನಡೆಸಿ, ಉಳಿದ ಹೊತ್ತಿನಲ್ಲಿ ಬೆಟ್ಟ ಹತ್ತುವವರ ಕ್ಲಬ್ಬಿನ ಕಾರ್ಯದರ್ಶಿಯಾಗಿರುವ ಅವನಿಗೆ ಇಂಥ ಹೊತ್ತುಗೆಟ್ಟ ಸಂದೇಶಗಳು ಹೊಸತಲ್ಲ. ಯಾರಿಗೋ ಬೂಟು ಎಲ್ಲಿ ಸಿಗುತ್ತದೆಂದು ತಿಳಿಯಬೇಕಾಗಿರುತ್ತದೆ, ಇನ್ಯಾರಿಗೋ ಭಾನುವಾರ ಮಳೆ ಬರುತ್ತದೋ ಇಲ್ಲವೋ ಅವನೇ ಹೇಳಬೇಕಾಗಿರುತ್ತದೆ.

ಈ ಸಲ ಬರೆದಿದ್ದವಳು ಕ್ಲಬ್ಬಿನ ಹೊಸ ಖಜಾಂಚಿ. ಬ್ಯಾಂಕಿನಲ್ಲಿ ಕೆಲಸ, ಸೇರಿ ಒಂದು ವರ್ಷವಾಗಿತ್ತು, ಉತ್ಸಾಹಕ್ಕೆ ಮುಚ್ಚಳವೇ ಇರಲಿಲ್ಲ.

“ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ನಮ್ಮ ಕ್ಲಬ್ಬಿನ ಹತ್ತನೇ ವರ್ಷದ ಸಭೆ ಅಲ್ವಾ? ಅವತ್ತು ಬೆಳಿಗ್ಗೆನೇ ನಾನು ದೊಡ್ಡ ಗುಡ್ಡ ಹತ್ತಿ ತುದಿಪುಸ್ತಕ ತಂದುಬಿಡ್ತೀನಿ. ಮೂರು ವರ್ಷದ ಹಿಂದೆ ನಮ್ಮ ಐದು ಜನ ಹಿರಿಯರು ಸಹಿ ಹಾಕಿದ ಪುಟವನ್ನ ಗಾಜಿನ ಪೆಟ್ಟಿಗೇಲಿಟ್ಟು ಎಲ್ಲರಿಗೂ ತೋರಿಸೋಣ. ಹೇಗಿದೆ ಐಡಿಯಾ?”

ಓದಿ ಮುಗಿಸುವಷ್ಟರಲ್ಲಿ ಅದರ ಕೆಳಗೆ ಪಟಪಟನೆ ನಾಲ್ಕು ಹೆಬ್ಬೆರಳುಗಳು ಎದ್ದು ನಿಂತವು. ಅಧ್ಯಕ್ಷೆ ಹೆಡ್‌ಮೇಡಂ ಅವರದು, ಹಲ್ಲಿನ ಡಾಕ್ಟರದು, ಬೇಕರಿಯವರದು, ಹಗ್ಗದಣ್ಣನದು. ಆ ಐವರು ಹಿರಿಯರಲ್ಲಿ ಅವನನ್ನು ಬಿಟ್ಟರೆ ಉಳಿದವರು ಇವರೇ. ಇಷ್ಟು ಹೊತ್ತಿನಲ್ಲಿ ನಾಲ್ಕೂ ಜನ ಎಚ್ಚರವಾಗಿದ್ದಾರಲ್ಲ ಎಂದು ಆಶ್ಚರ್ಯಪಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ತಾನೂ ಐದನೇ ಹೆಬ್ಬೆರಳು ಒತ್ತಿ, ಫೋನನ್ನು ಮಗುಚಿಟ್ಟು, ಕತ್ತಲೆಯನ್ನು ನೋಡುತ್ತ ಕೂತ.

ದೊಡ್ಡ ಗುಡ್ಡದ ತುದಿಯಲ್ಲಿ, ಬಂಡೆಯ ಪೊಟರೆಯೊಳಗೆ ಒಂದು ತಗಡಿನ ಡಬ್ಬಿಯಿದೆ. ಡಬ್ಬಿಯೊಳಗೆ ದಪ್ಪ ರಟ್ಟಿನ ಒಂದು ಪುಸ್ತಕ. ತುದಿ ಮುಟ್ಟಿದ ಯಾರೇ ಆಗಲಿ ತಾರೀಕು ಬರೆದು, ಸಹಿ ಹಾಕಿ, ಡಬ್ಬಿ ಮುಚ್ಚಿ ಇಳಿಯಬೇಕು. ಕ್ಲಬ್ಬಿನವರ ಬಾಯಲ್ಲಿ ಅದು ತುದಿಪುಸ್ತಕ. ಆ ಪುಸ್ತಕದಲ್ಲಿ ಕಾರ್ಯದರ್ಶಿಯ ಸಹಿ ಇರಲಿಲ್ಲ. ಯಾಕೆಂದರೆ ಕಾರ್ಯದರ್ಶಿ ಆ ತುದಿಯನ್ನು ಯಾವತ್ತೂ ಮುಟ್ಟಿರಲಿಲ್ಲ.

ಆ ದಿನ ಹೊರಟವರು ಐದು ಜನ. ತುದಿಯ ಬಂಡೆ ಹಕ್ಕಿಯ ಕೊಕ್ಕಿನಂತೆ ಮುಂದೆ ಚಾಚಿಕೊಂಡಿದೆ; ಒಂದು ಸಲಕ್ಕೆ ಒಬ್ಬರು ನಿಲ್ಲುವಷ್ಟೇ ಜಾಗ. ಆದ್ದರಿಂದ ಅಲ್ಲಿ ಕ್ಲಬ್ಬಿನ ನಿಯಮ ಬಿಗಿ. ಎಲ್ಲರೂ ಕೆಳಗಿನ ಬಯಲಿನಲ್ಲಿ ಕಾಯಬೇಕು, ಒಬ್ಬೊಬ್ಬರಾಗಿ ತಿರುವು ದಾಟಿ, ಸರಪಳಿ ಹಿಡಿದು ಹತ್ತಿ, ಸಹಿ ಹಾಕಿ ಬರಬೇಕು. ಒಬ್ಬರು ವಾಪಸು ಬಂದ ಮೇಲೆ ಇನ್ನೊಬ್ಬರು. ಅವತ್ತು ಮಂಜು ಮೊಸರಿನಷ್ಟು ಗಟ್ಟಿಯಾಗಿತ್ತು. ಹೆಡ್‌ಮೇಡಂ ಹೋಗಿ ಬಂದರು, ಡಾಕ್ಟರು ಹೋಗಿ ಬಂದರು, ಬೇಕರಿಯವರು, ಹಗ್ಗದಣ್ಣ. ಬಂದವರೆಲ್ಲ “ಆಹಾ!” ಎಂದರು. ಕೊನೆಗೆ ಅವನ ಸರದಿ. ತಿರುವು ದಾಟಿದ, ನೆಟ್ಟಗೆ ಮೇಲಕ್ಕೆ ಹೋಗಿ ಮಂಜಿನಲ್ಲಿ ಮಾಯವಾಗುವ ಸರಪಳಿಯನ್ನು ನೋಡಿದ. ಹಿಡಿಯಲು ಚಾಚಿದ ಕೈಯನ್ನು ವಾಪಸು ಜೇಬಿಗಿಟ್ಟುಕೊಂಡ. ಪಕ್ಕದಲ್ಲಿ ಒಂದು ಬಂಡೆ, ಬಂಡೆಯ ಹಿಂದೆ ಕೂರಲು ಹೇಳಿ ಮಾಡಿಸಿದಂಥ ಒಂದು ಕಲ್ಲು. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಅಲ್ಲೇ ಕೂತ. ಅಂಥ ಚಳಿಯಲ್ಲೂ ಆ ಕಲ್ಲು ಬೆಚ್ಚಗಿತ್ತು. ಪ್ರಕೃತಿಗೆ ಹೆದರುಪುಕ್ಕಲರ ಮೇಲೂ ಕರುಣೆಯಿದೆ ಎಂದುಕೊಂಡು, ಎದ್ದು ಬಂದು, “ಆಹಾ!” ಎಂದ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕ್ಲಬ್ಬಿನ ಸುದ್ದಿಹಾಳೆಗೆ ಚಾರಣದ ವರದಿ ಬರೆಯುವವನೂ ಅವನೇ. ಬರೆಯಲು ಕೂತಾಗ ಪೆನ್ನು ಅವನ ಮಾತು ಕೇಳಲಿಲ್ಲ. “ನಾನು ತುದಿ ಮುಟ್ಟಿದ ಕ್ಷಣ ಮಂಜು ಪರದೆಯಂತೆ ಸರಿಯಿತು. ಕೆಳಗೆ, ದೂರದಲ್ಲಿ, ಬೆಳ್ಳಿಯ ದಾರದಂತೆ ಒಂದು ನದಿ ಹೊಳೆಯಿತು” ಎಂದು ಬರೆದುಬಿಟ್ಟ. ಆ ನದಿಯನ್ನು ಜನ ಮೆಚ್ಚಿದ ಹಾಗೆ ಅವನ ಅಂಗಡಿಯ ಯಾವ ಕನ್ನಡಕವನ್ನೂ ಮೆಚ್ಚಿರಲಿಲ್ಲ. ಡಾಕ್ಟರು “ಆ ನದಿ ನೋಡಿ ನನಗೆ ಕಣ್ಣಲ್ಲಿ ನೀರೇ ಬಂತು” ಎಂದರು. ಬೇಕರಿಯವರು “ಥೇಟ್ ಸಕ್ಕರೆ ಪಾಕದ ಎಳೆ ಕಣ್ರೀ” ಎಂದರು. ಹೆಡ್‌ಮೇಡಂ ನದಿಯ ಬಗ್ಗೆ ಮೂರು ಶಾಲೆಗಳಲ್ಲಿ ಭಾಷಣ ಮಾಡಿದರು. ಮಂಜು ಐದು ಜನಕ್ಕೂ ಒಂದೊಂದು ಸಲ ಸರಿದು, ನಡುನಡುವೆ ಮತ್ತೆ ಮುಚ್ಚಿಕೊಂಡಿತ್ತೆಂದು ಎಲ್ಲರ ಮಾತನ್ನು ಸೇರಿಸಿದರೆ ತಿಳಿಯುತ್ತಿತ್ತು. ಆಮೇಲೆ ಯಾಕೋ ದೊಡ್ಡ ಗುಡ್ಡಕ್ಕೆ ಮತ್ತೊಂದು ಕಾರ್ಯಕ್ರಮ ಕೂಡಿಬರಲೇ ಇಲ್ಲ. ಪ್ರತಿ ಸಲವೂ ಯಾರದೋ ಮಂಡಿ, ಯಾರದೋ ಮದುವೆ.

ಆ ವರದಿಯಿಂದ ಅವನಿಗೆ ಸಿಕ್ಕ ದೊಡ್ಡ ಲಾಭ ಮನೆಯಲ್ಲೇ ಇತ್ತು. ಹೆಂಡತಿಯ ಅಪ್ಪ, ಅಂದರೆ ಅವನ ಮಾವ, ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಟೈಮ್‌ಕೀಪರ್ ಆಗಿದ್ದು ನಿವೃತ್ತರಾಗಿ ಇವರ ಜೊತೆಗೇ ಇದ್ದರು. ಬಲ್ಬು ಬದಲಿಸಲು ಸ್ಟೂಲು ಹತ್ತಿದರೆ ಕಣ್ಣು ಮುಚ್ಚಿಕೊಳ್ಳುವ ಅಳಿಯನನ್ನು ಎಂಟು ವರ್ಷ ಅವರು “ಇವ್ನು” ಎಂದೇ ಕರೆದಿದ್ದರು. ವರದಿ ಓದಿದ ಮರುದಿನ “ಅಳಿಯಂದಿರು” ಆದ. ಕಿಟಕಿ ಪಕ್ಕದ ಬೆತ್ತದ ಕುರ್ಚಿಯನ್ನು ಮಾವ ತಾವಾಗಿ ಅವನಿಗೆ ಬಿಟ್ಟುಕೊಟ್ಟರು. ಭಾನುವಾರದ ಸಭೆಯಲ್ಲಿ ಮೊದಲ ಸಾಲಿನಲ್ಲಿ ಕೂರಲು ಕೋಟು ಇಸ್ತ್ರಿ ಮಾಡಿಸಿಟ್ಟುಕೊಂಡಿದ್ದರು. ಆ ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿ ಅಳಿಯನ ಸಹಿ ಹುಡುಕುವವರಲ್ಲಿ ಅವರೇ ಮೊದಲಿಗರು ಎಂಬುದರಲ್ಲಿ ಸಂಶಯವಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಅವನು ನಿರ್ಧರಿಸಿದ್ದ. ಇವತ್ತು ಶನಿವಾರ. ಆ ಹುಡುಗಿ ಹೋಗುವುದು ನಾಳೆ. ಇವತ್ತೇ ಹೋಗಿ, ಕಣ್ಣು ಮುಚ್ಚಿಕೊಂಡಾದರೂ ಹತ್ತಿ, ಮೂರು ವರ್ಷದ ಹಿಂದಿನ ಪುಟದಲ್ಲಿ ಸಹಿ ಹಾಕಿ ಬಂದುಬಿಡುವುದು.

ಬೂಟುಗಳನ್ನು ಯಾರಿಗೂ ಕಾಣದಂತೆ ಸಾಗಿಸಬೇಕಿತ್ತು. ಮಾದರಿ ಫ್ರೇಮುಗಳನ್ನು ಒಯ್ಯುವ ಕಪ್ಪು ಪೆಟ್ಟಿಗೆ ಖಾಲಿ ಮಾಡಿ ಅದರೊಳಗೆ ತುರುಕಿದ. ಹೆಂಡತಿಗೆ, “ಸುದ್ದಿಹಾಳೆ ಅಚ್ಚಿಗೆ ಹೋಗಿದೆ, ಪ್ರೆಸ್ಸಲ್ಲಿ ಕೂತು ತಪ್ಪು ನೋಡ್ಬೇಕು, ಸಂಜೆ ಆಗುತ್ತೆ” ಎಂದ.

ಗೇಟಿನ ಬಳಿ ಮಾವ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೆಲಸ ಬಿಟ್ಟು ಹತ್ತು ವರ್ಷವಾದರೂ ಮನೆಯ ಮುಂದೆ ಹೋಗುವ ಬಸ್ಸುಗಳ ಹಾಜರಿ ಅವರು ಬಿಟ್ಟಿರಲಿಲ್ಲ.

“ಎಲ್ಲಿಗೆ ಅಳಿಯಂದಿರು?”

“ಪ್ರೆಸ್ಸಿಗೆ ಮಾವ.”

“ಪ್ರೆಸ್ಸಿಗೆ ಆರನೇ ನಂಬರು. ಎಂಟು ಹತ್ತಕ್ಕೆ. ಈಗಿನ್ನೂ ಏಳು ಇಪ್ಪತ್ತು. ಐವತ್ತು ನಿಮಿಷ ಸ್ಟಾಪಲ್ಲಿ ನಿಂತು ಏನ್ಮಾಡ್ತೀರಿ?”

“ಗಾಳಿ ತಗೋತೀನಿ ಮಾವ.”

ಅಷ್ಟರಲ್ಲೇ ಗುಡ್ಡದ ಕಡೆಯ ಹದಿನಾಲ್ಕನೇ ನಂಬರು ಬಂದುಬಿಟ್ಟಿತು. ಮಾವ ಕನ್ನಡಕ ಒರೆಸಿಕೊಳ್ಳುತ್ತಿದ್ದ ಗಳಿಗೆ ನೋಡಿ ಅವನು ಹಾರಿ ಹತ್ತಿಕೊಂಡ. ಕನ್ನಡಕವನ್ನು ಅವರಿಗೆ ಮಾಡಿಕೊಟ್ಟವನು ತಾನೇ. ಅದು ಮತ್ತೆ ಮೂಗಿಗೇರಿದರೆ ದೂರದ್ದು ಎಷ್ಟು ನಿಚ್ಚಳವಾಗಿ ಕಾಣುತ್ತದೆಂದು ಅವನಿಗೆ ನೆನಪಿರಬೇಕಿತ್ತು.

ಬಸ್ಸಿನಲ್ಲಿ ಹೊಲಿಗೆಯಂಗಡಿಯ ಅಕ್ಕ ಇದ್ದರು. ಅದೇ ಬೀದಿಯವರು, ಕತ್ತರಿಗಿಂತ ನಾಲಿಗೆ ಚುರುಕು.

“ಓಹೋ, ಕನ್ನಡಕದಣ್ಣ! ಬನ್ನಿ ಬನ್ನಿ, ಕೂತ್ಕೊಳ್ಳಿ. ನೀವು ಕೊಟ್ಟ ಹೊಸ ಕನ್ನಡಕ ಹಾಕ್ಕೊಂಡ್ರೆ ನೆಲ ಮೇಲಕ್ಕೆ ಎದ್ದು ಬಂದ ಹಾಗಾಗುತ್ತಲ್ಲ, ಯಾಕೆ?”

“ಎರಡು ದಿನ ಹಾಗೇ ಅಕ್ಕ. ಆಮೇಲೆ ನೆಲ ಕೆಳಗಿಳಿಯುತ್ತೆ.”

“ಫ್ರೇಮೂ ಸರಿಯಿಲ್ಲ. ಆ ಪೆಟ್ಟಿಗೇಲಿ ಹೊಸವು ಇರ್ಬೇಕಲ್ಲ? ತೆಗೀರಿ, ನೋಡೋಣ.”

“ಇದ್ರಲ್ಲಿ ಏನಿಲ್ಲ ಅಕ್ಕ…”

“ಏನಿಲ್ದೆ ಇದ್ರೆ ಇಷ್ಟು ಭಾರ ಯಾಕೆ?” ಅಕ್ಕನ ಕೈ ಆಗಲೇ ಕೊಂಡಿಯ ಮೇಲಿತ್ತು. ಪೆಟ್ಟಿಗೆ ತೆರೆದುಕೊಂಡಿತು. ಎರಡು ಬೂಟುಗಳು ಬೆಳಕಿಗೆ ಬಾಯಿ ಬಿಟ್ಟವು.

ಇಡೀ ಬಸ್ಸು ಕತ್ತು ಉದ್ದ ಮಾಡಿತು. “ಹೊಲಿಸೋಕೆ ಅಕ್ಕ,” ಎಂದ ಅವನು. “ಅಡಿ ಬಿಟ್ಕೊಂಡಿದೆ. ಮನೇಲಿ ಗೊತ್ತಾದ್ರೆ ಬಿಸಾಕು ಅಂತಾರೆ, ಅದಕ್ಕೆ ಮುಚ್ಚಿಟ್ಕೊಂಡು ಬಂದೆ.”

ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಅಕ್ಕ ಬೂಟುಗಳನ್ನು ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡಿದ್ದರು.

“ಅಯ್ಯೋ, ಇದಕ್ಕೆ ಪೇಟೆಯೆಲ್ಲ ಅಲೀತೀರಾ? ನನ್ನ ತಮ್ಮನ ಅಂಗಡೀಲಿ ಚರ್ಮ ಹೊಲಿಯೋ ಮಷಿನ್ ಇದೆ. ಸಂಜೆ ಮನೆಗೇ ತಂದ್ಕೊಡ್ತೀನಿ.”

“ಬೇಡ ಅಕ್ಕ, ದಯವಿಟ್ಟು…”

“ಸುಮ್ನಿರಿ. ಕಾಸು ತಗೊಳಲ್ಲ. ಕನ್ನಡಕ ಸರಿ ಮಾಡ್ಕೊಡಿ, ಸಾಕು.” ಮುಂದಿನ ಸ್ಟಾಪಿನಲ್ಲಿ ಅಕ್ಕ ಇಳಿದರು. ಬೂಟುಗಳೂ ಇಳಿದವು.

ಗುಡ್ಡದ ಬುಡದಲ್ಲಿ ಅವನು ಇಳಿದಾಗ ಕಾಲಲ್ಲಿದ್ದದ್ದು ಅಂಗಡಿಗೆ ಹಾಕಿಕೊಂಡು ಹೋಗುವ ಚಪ್ಪಲಿ. ಕೈಯಲ್ಲಿ ಖಾಲಿ ಪೆಟ್ಟಿಗೆ. ಹೆಂಡತಿ ಮತ್ತೆ ಮತ್ತೆ ಫೋನು ಮಾಡಿಯಾಳೆಂದು ಫೋನನ್ನೂ ಆರಿಸಿದ. ಒಂದು ಗಳಿಗೆ ಹಿಂದಿರುಗುವ ಯೋಚನೆ ಬಂತು. ಆದರೆ ಬೆತ್ತದ ಕುರ್ಚಿ ಕಣ್ಣಿಗೆ ಕಟ್ಟಿತು, ಅದರಲ್ಲಿ ಮತ್ತೆ ಮಾವ ಕೂತಿದ್ದ ಹಾಗೆ. ಪೆಟ್ಟಿಗೆಯನ್ನು ಪೊದೆಯೊಂದರ ಹಿಂದೆ ಅಡಗಿಸಿಟ್ಟು ನಡೆಯತೊಡಗಿದ.

ಮೊದಲ ಗಂಟೆಯಲ್ಲಿ ಎರಡು ಸಲ ಬಿದ್ದ. ಎರಡನೇ ಗಂಟೆಯಲ್ಲಿ ಲೆಕ್ಕ ಬಿಟ್ಟ. ಮುಳ್ಳಿನ ಪೊದೆಯೊಂದು ಪ್ಯಾಂಟಿನ ಹಿಂಭಾಗವನ್ನು ಹಿಡಿದು, ಬಿಡುವಾಗ ಅರ್ಧ ತನ್ನ ಹತ್ತಿರವೇ ಇಟ್ಟುಕೊಂಡಿತು. ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಕರವಸ್ತ್ರದಿಂದ ಬಿಗಿದು ಕಟ್ಟಿ, ಒಂದು ಕಾಲು ನಡೆದು ಒಂದು ಕಾಲು ಎಳೆದು, ಹನ್ನೆರಡೂವರೆಗೆ ಬಯಲು ತಲುಪಿದ. ಮಂಜಿನ ಸುಳಿವಿಲ್ಲ. ತಿರುವು ದಾಟಿದರೆ ಅದೇ ಬಂಡೆ, ಅದೇ ಕಲ್ಲು, ಅದೇ ಸರಪಳಿ. ಅವತ್ತು ಮಂಜಿನಲ್ಲಿ ಅನಂತಕ್ಕೆ ಹೋಗುವಂತೆ ಕಂಡಿದ್ದ ಸರಪಳಿ ಇವತ್ತು ಎರಡಾಳೆತ್ತರವಷ್ಟೇ ಇತ್ತು.

ಚಪ್ಪಲಿ ಬಿಟ್ಟ. ಸರಪಳಿ ಹಿಡಿದ. ಕಣ್ಣು ಮುಚ್ಚಿದ. ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವುದನ್ನೇ ತನಗೂ ಹೇಳಿಕೊಂಡ: ಗಾಬರಿ ಬೇಡ, ಒಂದೊಂದೇ ಸಾಲು. ಒಂದು ಕಾಲು, ಒಂದು ಕೈ. ಇನ್ನೊಂದು ಕಾಲು, ಇನ್ನೊಂದು ಕೈ. ಮುಂದಿನ ಹಿಡಿತಕ್ಕೆ ತಡಕಾಡಿದ ಕೈಗೆ ಗಾಳಿಯ ಹೊರತು ಏನೂ ಸಿಗದಿದ್ದಾಗ ಕಣ್ಣು ತೆರೆದ. ಮೇಲೆ ಹತ್ತಲು ಏನೂ ಉಳಿದಿರಲಿಲ್ಲ.

ಕೂಗಬೇಕೆನಿಸಿತು. ಕೂಗಿದ. ಒಂದು ಕಾಗೆ ಹಾರಿಹೋಯಿತು. ಮೂರು ವರ್ಷ ಸುಳ್ಳಾಗಿದ್ದ ಮಾತು ಈ ಕ್ಷಣದಿಂದ ನಿಜ. ಎದೆಯುಬ್ಬಿಸಿ, ತಾನು ಬರೆದಿದ್ದ ನೋಟವನ್ನೆಲ್ಲ ಒಂದೊಂದಾಗಿ ನೋಡಲು ಅಣಿಯಾದ.

ನದಿ ಇರಲಿಲ್ಲ.

ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಕೆಳಗೆ ಒಂದು ಕಲ್ಲು ಕ್ವಾರಿ. ಕ್ವಾರಿಯ ಪಕ್ಕ ಬಿಳಿಯ ಧೂಳು, ಧೂಳಿನಲ್ಲಿ ಎರಡು ಲಾರಿ, ಆಚೆಗೆ ಒಂದು ಕೋಳಿ ಫಾರಂ. ಎಷ್ಟು ದೂರ ಕಣ್ಣು ಹಾಯಿಸಿದರೂ ಒಂದು ಬಿಂದಿಗೆಯಷ್ಟು ನೀರು ಕಾಣಲಿಲ್ಲ. ಮಂಜಿನ ಹಿಂದೆ ನದಿಯಿರಬಹುದೆಂದು ಅವನು ಅಂದಾಜಿನ ಮೇಲೆ ಬರೆದಿದ್ದ. ಅಂದಾಜು ತಪ್ಪುವುದು ಸಹಜ. ಆದರೆ, ಅವನ ತಲೆಯೊಳಗೆ ಏನೋ ನಿಧಾನವಾಗಿ ತಿರುಗಿತು, ಹಾಗಾದರೆ ಡಾಕ್ಟರ ಕಣ್ಣಲ್ಲಿ ನೀರು ಬಂದದ್ದು ಏನನ್ನು ನೋಡಿ? ಕೋಳಿ ಫಾರಂ?

ಪೊಟರೆಯಿಂದ ಡಬ್ಬಿ ಎಳೆದ. ಪುಸ್ತಕ ತೆರೆದು ಹಿಂದಕ್ಕೆ ಹಿಂದಕ್ಕೆ ಮಗುಚಿದ. ಆ ವರ್ಷ ಸಿಕ್ಕಿತು, ಆ ತಿಂಗಳು ಸಿಕ್ಕಿತು. ಯಾವುದೋ ಊರಿನ ಇಬ್ಬರು ಹಿಂದಿನ ದಿನ ಬಂದು ಸಹಿ ಹಾಕಿದ್ದರು. ಅದರ ಕೆಳಗೆ ಎರಡು ಬೆರಳಿನಷ್ಟು ಖಾಲಿ. ಆಮೇಲೆ ಐದು ದಿನ ಕಳೆದು ಬಂದಿದ್ದ ಒಬ್ಬ ಪರಸ್ಥಳದವನ ಸಹಿ.

ಆ ತಾರೀಕಿನಲ್ಲಿ ಯಾರೂ ಇರಲಿಲ್ಲ. ಹೆಡ್‌ಮೇಡಂ ಇಲ್ಲ. ಡಾಕ್ಟರಿಲ್ಲ. ಬೇಕರಿಯವರಿಲ್ಲ. ಮೂವತ್ತು ಮಾರು ಹಗ್ಗವಿಲ್ಲದೆ ಹಾಲು ತರಲೂ ಹೋಗದ ಹಗ್ಗದಣ್ಣನೂ ಇಲ್ಲ.

ಕಾರ್ಯದರ್ಶಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ತಾರೀಕುಗಳನ್ನು ಬೆರಳಿಟ್ಟು ಇನ್ನೊಮ್ಮೆ ಓದಿದ. ಆಮೇಲೆ ಅವನಿಗೆ ಆ ಕಲ್ಲು ನೆನಪಾಯಿತು. ಅಷ್ಟು ಚಳಿಯಲ್ಲಿ, ಬಿಸಿಲಿನ ಒಂದು ಎಳೆಯೂ ಇಲ್ಲದ ಹೊತ್ತಿನಲ್ಲಿ, ಅದು ಬೆಚ್ಚಗಿತ್ತು. ಪ್ರಕೃತಿಯ ಕರುಣೆಯಲ್ಲ. ಅವನಿಗಿಂತ ಮುಂಚೆ ನಾಲ್ಕು ಜನ ಹಿರಿಯರು, ಹದಿನೈದು ಹದಿನೈದು ನಿಮಿಷ, ಸರದಿಯ ಪ್ರಕಾರ ಕೂತು ಎದ್ದುಹೋಗಿದ್ದರು.

ನಗು ಬಂತು. ಕೊಕ್ಕಿನ ಮೇಲಿದ್ದೇನೆಂಬುದೂ ಮರೆತು ನಕ್ಕ. ಕಾಲು ಜಾರಿದಂತಾಗಿ ನಗು ನಿಲ್ಲಿಸಿದ. ಈಗ ಯೋಚನೆ ಮಾಡಬೇಕಿತ್ತು. ತಾನೊಬ್ಬನೇ ಸಹಿ ಹಾಕಿದರೆ ನಾಳೆ ನಾಲ್ಕು ಜನರ ಮಾನ ಗಾಜಿನ ಪೆಟ್ಟಿಗೆಯಲ್ಲಿ ಹರಾಜಾಗುತ್ತದೆ. ಹಾಗಾದರೆ ಅವರು ಸುಮ್ಮನಿರುವವರಲ್ಲ. ಇವನ ಸಹಿ ಎಲ್ಲಿಂದ ಬಂತೆಂದು ಅಗೆಯತೊಡಗುತ್ತಾರೆ. ಉಳಿದದ್ದು ಒಂದೇ ದಾರಿ. ಹತ್ತು ವರ್ಷದಿಂದ ಇವರೆಲ್ಲರ ಕೈಬರಹದ ಲೇಖನಗಳನ್ನು ಸುದ್ದಿಹಾಳೆಗೆ ತಿದ್ದಿದವನು ಅವನು. ಯಾರ ಅಕ್ಷರ ಯಾವ ಕಡೆಗೆ ವಾಲುತ್ತದೆಂಬುದು ಅವನಿಗೆ ಕಂಠಪಾಠ.

ಜೇಬಿನಿಂದ ಪೆನ್ನು ತೆಗೆದ. ಕಣ್ಣಿನ ಪರೀಕ್ಷೆಯ ಹಲಗೆಯ ಕೊನೆಯ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ತಾರೀಕು ಬರೆದ. ಹೆಡ್‌ಮೇಡಂ ಸಹಿ, ಬೆತ್ತ ಹಿಡಿದಂತೆ ನೆಟ್ಟಗೆ. ಡಾಕ್ಟರದು ಹಲ್ಲು ಕೊರೆಯುವ ಯಂತ್ರದ ಹಾಗೆ ಸುರುಳಿ ಸುರುಳಿ. ಬೇಕರಿಯವರದು ಉಬ್ಬಿದ ದುಂಡನೆಯ ಅಕ್ಷರ. ಹಗ್ಗದಣ್ಣ ಎಡಚ; ಅವನದನ್ನು ಎಡಗೈಯಲ್ಲೇ ಬರೆದ. ಕೊನೆಯಲ್ಲಿ ಒಂದು ಗಂಟೂ ಹಾಕಿದ. ಎಲ್ಲಕ್ಕಿಂತ ಕೆಳಗೆ ತನ್ನದು. ಐದರಲ್ಲಿ ಅಳುಕಿನ ಸಹಿಯಾಗಿ ಕಂಡದ್ದು ಅದೊಂದೇ.

ಇಳಿಯುವಾಗ ಆ ಕಲ್ಲಿನ ಮೇಲೆ ಒಂದು ನಿಮಿಷ ಕೂತ. ತಣ್ಣಗಿತ್ತು.

ಸಂಜೆ ಆರಕ್ಕೆ ಮನೆ ತಲುಪಿದಾಗ ಗೇಟಿನ ಮುಂದೆ ಹತ್ತು ಜೊತೆ ಚಪ್ಪಲಿಗಳಿದ್ದವು. ಖಾಲಿ ಪೆಟ್ಟಿಗೆಯನ್ನು ಪ್ಯಾಂಟಿನ ಹಿಂಭಾಗಕ್ಕೆ ಅಡ್ಡ ಹಿಡಿದುಕೊಂಡು ಒಳಗೆ ಹೆಜ್ಜೆಯಿಟ್ಟ. ನಡುಮನೆ ತುಂಬ ಜನ. ಹೆಂಡತಿಯ ಕಣ್ಣು ಕೆಂಪಗಾಗಿತ್ತು. ಹೆಡ್‌ಮೇಡಂ ಕೈಯಲ್ಲಿ ಊರಿನ ನಕ್ಷೆ ಹರಡಿಕೊಂಡು ಕೂತಿದ್ದರು. ಹಗ್ಗದಣ್ಣನ ಹೆಗಲ ಮೇಲೆ ಹಗ್ಗ. ಬೆತ್ತದ ಕುರ್ಚಿಯಲ್ಲಿ ಮಾವ.

“ಬಂದ್ರು!” ಎಂದಳು ಖಜಾಂಚಿ.

“ಎಲ್ಲಿ ಹಾಳಾಗಿ ಹೋಗಿದ್ರಿ?” ಹೆಂಡತಿ ಒಂದೇ ಉಸಿರಿಗೆ ಶುರುಮಾಡಿದಳು. “ಪ್ರೆಸ್ಸಿನವರೇ ಹಾಳೆ ಹಿಡ್ಕೊಂಡು ಇಲ್ಲಿಗೆ ಬಂದ್ರು, ಸಾರ್ ಎಲ್ಲಿ ಅಂತ. ಅಪ್ಪ ನೋಡಿದ್ರೆ ನೀವು ಹದಿನಾಲ್ಕನೇ ನಂಬರು ಹತ್ತಿದ್ರಿ ಅಂತಾರೆ. ಫೋನು ಆಫು. ಪೊಲೀಸಿಗೆ ಹೇಳೋದೊಂದು ಬಾಕಿ!”

“ಏಳು ಇಪ್ಪತ್ತಮೂರರ ಹದಿನಾಲ್ಕು,” ಎಂದರು ಮಾವ. “ಮೂರು ನಿಮಿಷ ಲೇಟು.”

ಹದಿನಾಲ್ಕನೇ ನಂಬರು ಎಲ್ಲಿಗೆ ಹೋಗುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಡಾಕ್ಟರು ಅವನ ಮಂಡಿಯ ಗಾಯವನ್ನೇ ನೋಡುತ್ತಿದ್ದರು. ಬೇಕರಿಯವರು ಉಸಿರು ಹಿಡಿದಿದ್ದರು. ನಾಲ್ಕೂ ಮುಖಗಳು ಯಾಕೆ ಬಿಳಿಚಿಕೊಂಡಿವೆಯೆಂದು ಇವತ್ತು ಅವನಿಗೆ ಮಾತ್ರ ಗೊತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಹೊಲಿಗೆಯಂಗಡಿಯ ಅಕ್ಕ. “ತಗೊಳ್ಳಿ ನಿಮ್ಮ ಬೂಟು! ಅಡಿ ಏನೂ ಬಿಟ್ಟಿರ್ಲಿಲ್ಲ. ಆದ್ರೂ ಎರಡು ಸುತ್ತು ಹೊಲಿಸಿದೀನಿ. ಬೆಳಿಗ್ಗೆಯಿಂದ ನನ್ನ ಹತ್ರಾನೇ ಇತ್ತು.”

ಎಲ್ಲರೂ ಬೂಟು ನೋಡಿದರು. ಆಮೇಲೆ ಅವನ ಕಾಲಿನ ಕಿತ್ತ ಚಪ್ಪಲಿ ನೋಡಿದರು. ಕೋಣೆಯ ತುಂಬ ಒಂದು ದೊಡ್ಡ ನಿಟ್ಟುಸಿರು ಹರಿಯಿತು. ಚಪ್ಪಲಿಯಲ್ಲಿ ಯಾರೂ ದೊಡ್ಡ ಗುಡ್ಡ ಹತ್ತುವುದಿಲ್ಲ.

“ಹೊಸ ಅಂಗಡಿಗೆ ಜಾಗ ನೋಡೋಕೆ ಆ ಕಡೆ ಹೋಗಿದ್ದೆ,” ಎಂದ ಅವನು. “ಚರಂಡಿಗೆ ಬಿದ್ದೆ.”

“ಚರಂಡಿಗೆ!” ಡಾಕ್ಟರಿಗೆ ಜೀವ ಬಂತು. “ಏನ್ರೀ ಕಾರ್ಯದರ್ಶಿಗಳೇ, ಅಂಥಾ ಕೊಕ್ಕು ಹತ್ತಿದ ಕಾಲಿಗೆ ಒಂದು ಚರಂಡಿ ದಾಟೋಕಾಗ್ಲಿಲ್ವಾ?”

“ನಾನಾಗಿದ್ರೆ ಮೊದಲು ಹಗ್ಗ ಬಿಗೀತಿದ್ದೆ,” ಎಂದ ಹಗ್ಗದಣ್ಣ.

“ಹೆಜ್ಜೆ ಇಡುವಾಗ ನೆಲ ನೋಡ್ಬೇಕು,” ಹೆಡ್‌ಮೇಡಂ ಬೆರಳೆತ್ತಿದರು. “ತುದೀಲಿ ನಿಂತಾಗ ನಾವೆಲ್ಲ ಹೇಗೆ ನಿಂತಿದ್ವಿ? ಆ ಗಾಳೀಲಿ? ಮರೆತುಬಿಟ್ರಾ?”

“ಆ ಗಾಳಿ!” ಎಂದರು ಬೇಕರಿಯವರು, ಕಣ್ಣು ಮುಚ್ಚಿಕೊಂಡು.

ಕಾರ್ಯದರ್ಶಿ ತಲೆ ತಗ್ಗಿಸಿ ಕೇಳಿದ. ಬೆಟ್ಟ ಹತ್ತುವುದು ಹೇಗೆಂದು ಹತ್ತದ ನಾಲ್ವರು ಹತ್ತಿದ ಒಬ್ಬನಿಗೆ ಅರ್ಧ ಗಂಟೆ ಪಾಠ ಹೇಳಿದರು. ಮಾವ ಕುರ್ಚಿಯಿಂದ ಏಳಲಿಲ್ಲ.

“ಇರಲಿ,” ಎಂದರು ಕೊನೆಗೆ ಹೆಡ್‌ಮೇಡಂ. “ಹೇಗೂ ಎಲ್ಲರೂ ಸೇರಿದೀವಿ, ಒಂದು ತುರ್ತು ಸಭೆ ಮಾಡಿಬಿಡೋಣ. ನಾನು ರಾತ್ರಿಯೆಲ್ಲ ಯೋಚನೆ ಮಾಡ್ದೆ. ತುದಿಪುಸ್ತಕ ತುದೀಲೇ ಇರ್ಬೇಕು. ಅದನ್ನ ಕೆಳಗೆ ತರೋದು ಸರಿಯಲ್ಲ.”

“ನನ್ನ ಮನಸ್ಸಲ್ಲಿದ್ದದ್ದನ್ನೇ ಹೇಳಿದ್ರಿ!” ಎಂದರು ಡಾಕ್ಟರು. “ಹಳೇ ಕಾಗದ. ಗಾಳಿ ಬದಲಾದ್ರೆ ಪುಡಿಯಾಗುತ್ತೆ.”

“ಇರುವೆ ಹತ್ತುತ್ತೆ,” ಎಂದರು ಬೇಕರಿಯವರು.

“ಕಟ್ಟಿ ಇಳಿಸೋಕೆ ಸರಿಯಾದ ಹಗ್ಗ ನನ್ನ ಹತ್ರ ಇಲ್ಲ,” ಎಂದ ಹಗ್ಗದಣ್ಣ. ಅವನ ಬಾಯಿಂದ ಅಂಥ ಮಾತನ್ನು ಯಾರೂ ಹಿಂದೆ ಕೇಳಿರಲಿಲ್ಲ.

“ಆದ್ರೆ ನಿನ್ನೆ ಎಲ್ಲರೂ ಹೆಬ್ಬೆರಳು ಒತ್ತಿದ್ರಿ!” ಖಜಾಂಚಿಯ ಮುಖ ಸಣ್ಣದಾಯಿತು.

“ಅದು ಉತ್ಸಾಹ ಮಗಳೇ. ಇದು ವಿವೇಕ. ಕೈ ಎತ್ತಿ.”

ನಾಲ್ಕು ಕೈಗಳು ಮೇಲೆದ್ದವು. ಕಾರ್ಯದರ್ಶಿ ಆ ನಾಲ್ಕು ಕೈಗಳನ್ನು ನೋಡಿದ. ಇಂದು ಮಧ್ಯಾಹ್ನ ಆ ನಾಲ್ಕೂ ಕೈಗಳ ಕೆಲಸವನ್ನು ತಾನೊಬ್ಬನೇ ಮಾಡಿ ಬಂದದ್ದು ನೆನಪಾಯಿತು. ಮನೆಯಲ್ಲೇ ಕಾಲು ಚಾಚಿ ಮಲಗಿದ್ದರೂ ಸಾಕಿತ್ತು. ಅವನ ಐದನೇ ಕೈ, ನೋವಿನಿಂದ ಅರ್ಧಕ್ಕೇ ಎದ್ದಿತು.

“ಆಯ್ತು ಮೇಡಂ,” ಎಂದಳು ಖಜಾಂಚಿ. “ಆದ್ರೆ ಆ ಪುಸ್ತಕದ ಹಾಳೆ ಮುಗೀತಾ ಬಂದಿದೆಯಂತೆ. ಹೊಸ ಪುಸ್ತಕನಾದ್ರೂ ಇಡಲೇಬೇಕು. ನಾಳೆ ಬೆಳಿಗ್ಗೆ ನಾನು ಹೋಗ್ತೀನಿ.”

“ಒಬ್ಬರೇ ಹೋಗೋದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ. ಹಿಂದೆ ತುದಿ ಮುಟ್ಟಿದವರು ಒಬ್ಬರು ಜೊತೇಲಿರ್ಬೇಕು.” ಹೆಡ್‌ಮೇಡಂ ಸುತ್ತ ನೋಡಿದರು. ಡಾಕ್ಟರಿಗೆ ನಾಳೆ ಒಂದು ದವಡೆ ಹಲ್ಲು ಕೀಳುವುದಿತ್ತು. ಬೇಕರಿಯವರಿಗೆ ಸಭೆಯ ಕೇಕು ಬೇಯಿಸುವುದಿತ್ತು. ಹಗ್ಗದಣ್ಣನಿಗೆ ಆ ಗಳಿಗೆಯಲ್ಲೇ ಹೆಗಲು ಹಿಡಿದುಕೊಂಡಿತು. ಹೆಡ್‌ಮೇಡಂ ಅವರಿಗೆ ಭಾಷಣ ಬರೆಯುವುದಿತ್ತು. ನಾಲ್ಕು ಜೊತೆ ಕಣ್ಣುಗಳು ಸುತ್ತಿ ಬಂದು ಒಂದೇ ಕಡೆ ನಿಂತವು.

“ಕಾರ್ಯದರ್ಶಿಗಳೇ ಹೋಗ್ಲಿ. ಚರಂಡೀಲಿ ಹೋದ ಮಾನ ಗುಡ್ಡದಲ್ಲಿ ವಾಪಸು ಬರಲಿ. ಬೂಟಿಗೆ ಹೊಸ ಹೊಲಿಗೇನೂ ಆಗಿದೆ,” ಎಂದರು ಹೆಡ್‌ಮೇಡಂ. ಚೀಲದಿಂದ ಒಂದು ಬಟ್ಟೆಯ ತುಂಡು, ಅರಗು ತೆಗೆದು ಅವನ ಕೈಗಿಟ್ಟರು. “ಹಳೇ ಪುಸ್ತಕಾನ ಇದ್ರಲ್ಲಿ ಸುತ್ತಿ, ಅರಗು ಹಾಕಿ, ಪೊಟರೆಯ ಒಳಗೆ ತಳ್ಳಿಬಿಡಿ. ತೆರೆದು ನೋಡ್ಬಾರ್ದು. ಅದು ಇತಿಹಾಸಕ್ಕೆ ಮಾಡೋ ಅಪಚಾರ.”

ಮಾವ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಇವ್ನು ಹೋಗ್ತಾನಾ?” ಎಂದರು. ಮೂರು ವರ್ಷದ ಬಹುವಚನ ಒಂದು ಚರಂಡಿಯಲ್ಲಿ ಮುಳುಗಿಹೋಗಿತ್ತು.

“ಹೋಗ್ತೀನಿ ಮಾವ,” ಎಂದ ಅವನು.

ಖಜಾಂಚಿ ಚಪ್ಪಾಳೆ ತಟ್ಟಿದಳು. “ಸಾರ್, ನನಗೆ ಪುಸ್ತಕ ತರೋದಕ್ಕಿಂತ ಇದೇ ಖುಷಿ. ನಿಮ್ಮ ವರದಿ ಓದೇ ನಾನು ಈ ಕ್ಲಬ್ಬಿಗೆ ಸೇರಿದ್ದು. ನಾಳೆ ನೀವು ಆ ತುದೀಲಿ ನಿಂತು ಬೆರಳು ಮಾಡಿ ತೋರಿಸ್ಬೇಕು, ಎಲ್ಲಿ ಆ ನದಿ ಅಂತ. ಫೋಟೋ ತೆಗೆದು ಸಭೇಲಿ ಹಾಕೋಣ!”

“ಹೌದು ಹೌದು, ನದಿ!” ಎಂದರು ನಾಲ್ಕೂ ಜನ, ಒಟ್ಟಿಗೆ.

ಎಲ್ಲರೂ ಹೋದ ಮೇಲೆ ಹೆಂಡತಿ ಬಿಸಿನೀರು, ಎಣ್ಣೆ ತಂದು ಅವನ ಕಾಲ ಬಳಿ ಕೂತಳು. ಗಾಯ ಒರೆಸುತ್ತ ಮೆಲ್ಲಗೆ ಕೇಳಿದಳು. “ಯಾರೂ ಇಲ್ಲ ಈಗ. ನಿಜ ಹೇಳಿ, ಎಲ್ಲಿಗೆ ಹೋಗಿದ್ರಿ?”

ಅವನು ಬಾಯಿ ತೆರೆದ. ಕಣ್ಣು ಮುಚ್ಚಿಕೊಂಡು ಸರಪಳಿ ಹತ್ತಿದ್ದು, ಮೇಲೆ ಉಳಿದಿದ್ದ ಬರಿಯ ಆಕಾಶ, ತನ್ನ ಕೂಗಿಗೆ ಹಾರಿದ ಕಾಗೆ: ಜೀವಮಾನದಲ್ಲಿ ಮೊದಲ ಸಲ ಅವನ ಹತ್ತಿರ ನಿಜವಾದ ಒಂದು ಕತೆಯಿತ್ತು. ಪಕ್ಕದ ಕೋಣೆಯಲ್ಲಿ ಮಾವ ಕೆಮ್ಮಿದರು. ಫೋನು ತೆರೆದು ನಾಳೆಯ ಹವಾಮಾನ ನೋಡಿದ. ಆಕಾಶ ನಿಚ್ಚಳ, ಮಂಜಿಲ್ಲ. ಈ ವರ್ಷ ಮಳೆ ಕಡಿಮೆ, ನದಿ ಪೂರ್ತಿ ಬತ್ತಿಹೋಗಿದೆ ಎಂದರೆ ಆ ಹುಡುಗಿ ನಂಬಿಯಾಳು. ಕೋಳಿ ಫಾರಮ್ಮಿಗೆ ಏನಾದರೂ ದಾರಿಯಲ್ಲಿ ಹೊಳೆಯುತ್ತದೆ. ಉಳಿದದ್ದನ್ನು ಮಾತ್ರ ಯಾರಿಗೂ, ಯಾವತ್ತೂ, ಹೆಂಡತಿಗೂ ಹೇಳುವುದಿಲ್ಲ ಎಂದು ಅವನು ಗಟ್ಟಿಮಾಡಿಕೊಂಡ.

“ಚರಂಡಿಗೆ,” ಎಂದ.